ಗೋದಾಮಿನ ಲೆಕ್ಕ, ಮನೆಯ ಲೆಕ್ಕ: ಗೇಮ್ ಕನ್ಸೋಲ್‌ಗಳ ಮಾರಾಟದ ಪೈಪೋಟಿಯನ್ನು ಓದುವ ಬಗೆ

ಸಂಕ್ರಾಂತಿಯ ರಜೆಗೆ ಹಾಸನದಿಂದ ಚಿಕ್ಕಮಗಳೂರಿನ ನಮ್ಮ ತೋಟದ ಮನೆಗೆ ಬಂದಿದ್ದ ಅಕ್ಕನ ಇಬ್ಬರು ಮಕ್ಕಳು ಕಾಫಿ ಕಣದ ಅಂಚಿನ ಕಟ್ಟೆಯ ಮೇಲೆ ಕುಳಿತು ಒಂದು ಗಂಟೆಯಿಂದ ವಾದ ಮಾಡುತ್ತಿದ್ದರು. ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಕನ್ಸೋಲ್, ಅಂದರೆ ವಿಡಿಯೊ ಗೇಮ್ ಆಡುವ ಯಂತ್ರ, ಸೋನಿ ಕಂಪನಿಯ ಪ್ಲೇಸ್ಟೇಷನ್ 2ರ ಮಾರಾಟದ ದಾಖಲೆಯನ್ನು ಮುರಿಯಲು ಇನ್ನೆಷ್ಟು ಬಾಕಿ ಎಂಬುದು ಅವರ ಜಗಳದ ವಿಷಯ. ದೊಡ್ಡವನು ಹತ್ತು ಲಕ್ಷ ಎನ್ನುತ್ತಿದ್ದ, ಚಿಕ್ಕವನು ಅರವತ್ತು ಲಕ್ಷ ಎನ್ನುತ್ತಿದ್ದ. "ಮಾವ, ನೀವೇ ನೋಡಿ ಹೇಳಿ, ಇವನು ಸುಳ್ಳು ಹೇಳ್ತಿದಾನೆ" ಎಂದು ಚಿಕ್ಕವನು ತನ್ನ ಫೋನನ್ನು ನನ್ನ ಮುಂದೆ ಹಿಡಿದ. ನೋಡಿದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

2025ರ ಸೆಪ್ಟೆಂಬರ್ ಅಂತ್ಯಕ್ಕೆ ಸ್ವಿಚ್‌ನ ಒಟ್ಟು ಮಾರಾಟ ಸುಮಾರು 15.4 ಕೋಟಿ ಎಂದು ನಿಂಟೆಂಡೊ ತನ್ನ ತ್ರೈಮಾಸಿಕ ವರದಿಯಲ್ಲಿ ಹೇಳಿತ್ತು. ಈ ಅಂಕಿಯ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಪ್ಲೇಸ್ಟೇಷನ್ 2ರ ಅಂಕಿಯಲ್ಲಿ. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ ಸುಮಾರು ಹದಿಮೂರು ವರ್ಷ ತಯಾರಾದ ಆ ಯಂತ್ರದ ಮಾರಾಟವನ್ನು ಜಗತ್ತು ಬಹುಕಾಲ 15.5 ಕೋಟಿ ಎಂದೇ ಬರೆದುಕೊಂಡು ಬಂದಿತ್ತು, ಏಕೆಂದರೆ ಸೋನಿ ಕಂಪನಿ ಅದರ ಲೆಕ್ಕವನ್ನು ನಿಯಮಿತವಾಗಿ ಪ್ರಕಟಿಸುವುದನ್ನು 2012ರ ಹೊತ್ತಿಗೆ ನಿಲ್ಲಿಸಿತ್ತು. 2024ರಲ್ಲಿ, ಅಂದರೆ ಯಂತ್ರ ಅಂಗಡಿಯಿಂದ ಮರೆಯಾಗಿ ಹತ್ತು ವರ್ಷ ಕಳೆದ ಮೇಲೆ, ಅದೇ ಕಂಪನಿ 16 ಕೋಟಿ ಎಂದು ಹೇಳಿತು. ದೊಡ್ಡವನು ಹಳೆಯ ಅಂಕಿಯಿಂದ ಕಳೆದಿದ್ದ, ಚಿಕ್ಕವನು ಹೊಸ ಅಂಕಿಯಿಂದ. ಐವತ್ತು ಲಕ್ಷ ಯಂತ್ರಗಳ ವ್ಯತ್ಯಾಸ ಹುಟ್ಟಿದ್ದು ಅಲ್ಲಿಂದ.

ಗೇಮ್ ಕನ್ಸೋಲ್‌ಗಳ ಮಾರಾಟದ ಸುದ್ದಿ ಬಂದಾಗಲೆಲ್ಲ ಅದನ್ನು ಕ್ರಿಕೆಟ್ ಪಂದ್ಯದ ಸ್ಕೋರಿನಂತೆ ಓದುವ ರೂಢಿ ಬೆಳೆದಿದೆ. ಆದರೆ ಕ್ರಿಕೆಟ್ಟಿನಲ್ಲಿ ಎರಡೂ ತಂಡಗಳ ಓಟವನ್ನು ಅದೇ ಸ್ಕೋರರ್‌ಗಳು ಬರೆಯುತ್ತಾರೆ, ಒಂದು ಓಟವೆಂದರೆ ಏನೆಂಬುದರಲ್ಲಿ ಎರಡೂ ತಂಡಗಳಿಗೆ ಒಮ್ಮತವಿರುತ್ತದೆ. ಕನ್ಸೋಲ್ ವ್ಯಾಪಾರದಲ್ಲಿ ಪ್ರತಿಯೊಂದು ತಂಡವೂ ತನ್ನ ಓಟವನ್ನು ತಾನೇ ಬರೆದುಕೊಳ್ಳುತ್ತದೆ, ಯಾವುದನ್ನು ಓಟವೆನ್ನಬೇಕೆಂದು ತಾನೇ ತೀರ್ಮಾನಿಸುತ್ತದೆ, ಬೇಡವೆನಿಸಿದಾಗ ಬರೆಯುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಯಾರು ಗೆದ್ದರು ಎಂದು ಕೇಳುವ ಮೊದಲು ಏನನ್ನು ಎಣಿಸಿದ್ದಾರೆ ಎಂದು ಕೇಳಬೇಕಾಗುತ್ತದೆ.

ಮೊದಲು ಮಾರಾಟ ಎಂಬ ಪದವನ್ನೇ ನೋಡೋಣ. ಕಾರ್ಖಾನೆಯಿಂದ ಹೊರಟ ಯಂತ್ರ ವಿತರಕರ ಗೋದಾಮಿಗೆ ಹೋಗುತ್ತದೆ, ಅಲ್ಲಿಂದ ಅಂಗಡಿಯ ಕಪಾಟಿಗೆ, ಅಲ್ಲಿಂದ ಗ್ರಾಹಕನ ಮನೆಗೆ. ಕಂಪನಿಯ ಮಟ್ಟಿಗೆ ಯಂತ್ರ ವಿತರಕನಿಗೋ ಅಂಗಡಿಯವನಿಗೋ ತಲುಪಿ ಬಿಲ್ ಆದ ಕ್ಷಣದಲ್ಲೇ ವ್ಯಾಪಾರ ಮುಗಿಯಿತು. ಸೋನಿ ಮತ್ತು ನಿಂಟೆಂಡೊ ಮೂರು ತಿಂಗಳಿಗೊಮ್ಮೆ ಹೂಡಿಕೆದಾರರಿಗೆ ಒಪ್ಪಿಸುವ ವರದಿಯಲ್ಲಿರುವುದು ಮುಖ್ಯವಾಗಿ ಈ ಲೆಕ್ಕ. ಮನೆ ಸೇರಿದ ಯಂತ್ರಗಳ ಲೆಕ್ಕ ಬೇರೆ. ಪ್ಲೇಸ್ಟೇಷನ್ 5 ಯಂತ್ರ 5 ಕೋಟಿ ಗ್ರಾಹಕರನ್ನು ತಲುಪಿತೆಂದು ಸೋನಿ 2023ರ ಡಿಸೆಂಬರ್‌ನಲ್ಲಿ ಘೋಷಿಸಿದಾಗ, ಅದು ಗ್ರಾಹಕರ ಕೈಸೇರಿದ ಲೆಕ್ಕವೆಂದು ಬಿಡಿಸಿ ಹೇಳಿತ್ತು. ಜಪಾನಿನಲ್ಲಿ ಫಾಮಿತ್ಸು ಎಂಬ ಪತ್ರಿಕೆ ವಾರವಾರವೂ ಅಂಗಡಿಗಳ ಮಾರಾಟವನ್ನು ಅಂದಾಜಿಸಿ ಪ್ರಕಟಿಸುತ್ತದೆ, ಅಮೆರಿಕದಲ್ಲಿ ಸರ್ಕಾನಾ ಎಂಬ ಸಂಸ್ಥೆ ತಿಂಗಳಿಗೊಮ್ಮೆ ಆ ಕೆಲಸ ಮಾಡುತ್ತದೆ.

ನಮ್ಮ ಜಿಲ್ಲೆಯ ಬೆಳೆಗಾರರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಕಣದಲ್ಲಿ ಒಣಗಿದ ರೊಬಸ್ಟಾ ಚೆರ್ರಿಯನ್ನು 50 ಕೆ.ಜಿ.ಯ ಚೀಲಗಳಿಗೆ ತುಂಬಿ ನೂರು ಚೀಲವಾಯಿತೆಂದು ಬರೆದಿಟ್ಟುಕೊಳ್ಳುತ್ತೇವೆ. ಆದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಬರುತ್ತದೆಂಬ ಔಟ್‌ಟರ್ನ್ ಲೆಕ್ಕವೇ ಬೇರೆ. ಅದು ಚೀಲದ ತೂಕದ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ವ್ಯಾಪಾರಿ ಬೆಲೆ ಕಟ್ಟುವುದು ಅದರ ಮೇಲೆ. ಪಕ್ಕದ ತೋಟದವರು ಚೀಲದ ಲೆಕ್ಕ ಹೇಳಿ ನಾವು ಬೀಜದ ಲೆಕ್ಕ ಹೇಳಿದರೆ ಯಾರ ಬೆಳೆ ಹೆಚ್ಚೆಂದು ಹೇಳಲಾಗದು. ಕನ್ಸೋಲ್‌ಗಳಲ್ಲಿ ಗೋದಾಮಿನ ಲೆಕ್ಕಕ್ಕೂ ಮನೆಯ ಲೆಕ್ಕಕ್ಕೂ ಅಷ್ಟು ದೊಡ್ಡ ಅಂತರ ಬಹುಕಾಲ ಉಳಿಯುವುದಿಲ್ಲ, ನಿಜ. ಆದರೆ ಹಬ್ಬದ ವ್ಯಾಪಾರಕ್ಕೆಂದು ಅಂಗಡಿಗಳು ಸರಕು ತುಂಬಿಕೊಳ್ಳುವ ತಿಂಗಳುಗಳಲ್ಲಿ, ಅಥವಾ ಹೊಸ ಯಂತ್ರ ಬಿಡುಗಡೆಯಾದ ಮೊದಲ ವಾರಗಳಲ್ಲಿ, ಒಬ್ಬರ ಒಂದು ಲೆಕ್ಕವನ್ನು ಇನ್ನೊಬ್ಬರ ಇನ್ನೊಂದು ಲೆಕ್ಕದ ಎದುರು ಇಟ್ಟು ಗೆಲುವನ್ನು ಸಾರುವವರು ಬಹಳ.

ವಯಸ್ಸಿನ ಪ್ರಶ್ನೆಯೂ ಹಾಗೆಯೇ. ಸ್ವಿಚ್ 2017ರ ಮಾರ್ಚ್ 3ರಂದು ಬಂತು, ಪ್ಲೇಸ್ಟೇಷನ್ 5 ಬಂದದ್ದು 2020ರ ನವೆಂಬರ್‌ನಲ್ಲಿ. ಹತ್ತು ವರ್ಷದ ಗಿಡದ ಇಳುವರಿಯನ್ನು ಮೊದಲ ಫಸಲು ಬಿಟ್ಟ ಗಿಡದ ಇಳುವರಿಯೊಂದಿಗೆ ಯಾವ ಬೆಳೆಗಾರನೂ ಹೋಲಿಸುವುದಿಲ್ಲ. ಬಿಡುಗಡೆಯಾದ ದಿನದಿಂದ ಅಷ್ಟೇ ತಿಂಗಳುಗಳು ಕಳೆದಾಗ ಎರಡೂ ಎಲ್ಲಿದ್ದವು ಎಂದು ನೋಡುವುದೇ ನ್ಯಾಯ.

ಇನ್ನು ಮೂರನೆಯ ದೊಡ್ಡ ಕಂಪನಿಯಾದ ಮೈಕ್ರೋಸಾಫ್ಟ್ 2015ರಿಂದ ಎಕ್ಸ್‌ಬಾಕ್ಸ್ ಯಂತ್ರಗಳ ಸಂಖ್ಯೆಯನ್ನೇ ಪ್ರಕಟಿಸುತ್ತಿಲ್ಲ. ಯಂತ್ರವೆಷ್ಟು ಮಾರಾಟವಾಯಿತು ಎನ್ನುವುದಕ್ಕಿಂತ ಎಷ್ಟು ಜನ ನಮ್ಮ ಸೇವೆಯನ್ನು ಬಳಸುತ್ತಿದ್ದಾರೆ ಎನ್ನುವುದು ಮುಖ್ಯ ಎಂಬುದು ಅದು ಕೊಟ್ಟ ಕಾರಣ. ಆ ಕಾರಣದಲ್ಲಿ ಸತ್ಯವಿಲ್ಲದಿಲ್ಲ, ಆದರೆ ಅಂಕಿಗಳು ಚೆನ್ನಾಗಿದ್ದ ಕಾಲದಲ್ಲಿ ಆ ಮಾತು ಬಂದಿರಲಿಲ್ಲ ಎಂಬುದೂ ಸತ್ಯ. ಮುಚ್ಚಿಟ್ಟ ವಿಷಯ ಹೊರಬಂದದ್ದು ಕಾನೂನಿನ ಕಟ್ಟೆಯಲ್ಲಿ. ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು 6,870 ಕೋಟಿ ಡಾಲರ್‌ಗೆ ಕೊಳ್ಳಲು ಮೈಕ್ರೋಸಾಫ್ಟ್ ಹೊರಟಾಗ ಹಲವು ದೇಶಗಳ ನಿಯಂತ್ರಕರು ತಡೆದು ವಿಚಾರಿಸಿದರು. 2022ರಲ್ಲಿ ಬ್ರೆಜಿಲ್‌ನ ನಿಯಂತ್ರಕರ ಮುಂದೆ, ಹಿಂದಿನ ತಲೆಮಾರಿನ ಕನ್ಸೋಲ್‌ಗಳಲ್ಲಿ ಸೋನಿ ತನ್ನ ಎರಡರಷ್ಟಕ್ಕೂ ಹೆಚ್ಚು ಯಂತ್ರಗಳನ್ನು ಮಾರಿತೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. 2023ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ, ಕನ್ಸೋಲ್ ಸಮರದಲ್ಲಿ ತಾನು ಸೋತಿರುವುದಾಗಿಯೇ ಬರೆಯಿತು. ತಾನು ದೊಡ್ಡವನಲ್ಲವೆಂದು ತೋರಿಸಿದರೆ ಖರೀದಿಗೆ ಅನುಮತಿ ಸಿಗುವುದು ಸುಲಭವಾಗುತ್ತಿದ್ದ ಸಂದರ್ಭವದು ಎಂಬುದನ್ನು ಓದುಗರು ನೆನಪಿಡಬೇಕು. ಆ ಖರೀದಿ 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಿತು.

ಸಂಖ್ಯೆಗಳನ್ನು ಯಾರು ಹೇಗೆ ಎಣಿಸಿದರೂ, ಹೆಚ್ಚು ಯಂತ್ರ ಮಾರಿದವರೇ ಹೆಚ್ಚು ಗಳಿಸಿದವರೇ ಎಂಬ ಪ್ರಶ್ನೆ ಉಳಿಯುತ್ತದೆ. ಈ ವ್ಯಾಪಾರದ ಗುಟ್ಟೆಲ್ಲ ಇರುವುದು ಇಲ್ಲಿಯೇ. ನಮ್ಮೂರಿನ ಕಾಫಿಪುಡಿ ಅಂಗಡಿಯವನೊಬ್ಬ ಹೊಸ ಗಿರಾಕಿಗೆ ಹಿತ್ತಾಳೆಯ ಫಿಲ್ಟರನ್ನು ಕೊಂಡ ದರಕ್ಕಿಂತ ಕಡಿಮೆಗೆ ಕೊಡುತ್ತಾನೆಂದುಕೊಳ್ಳಿ, ಆದರೆ ಆ ಫಿಲ್ಟರಿಗೆ ಅವನ ಅಂಗಡಿಯ ಪುಡಿಯೇ ಆಗಬೇಕೆಂದುಕೊಳ್ಳಿ. ಫಿಲ್ಟರಿನಲ್ಲಿ ಕಳೆದುಕೊಂಡದ್ದನ್ನು ಅವನು ತಿಂಗಳು ತಿಂಗಳು ಪುಡಿಯಲ್ಲಿ ಗಳಿಸುತ್ತಾನೆ. ಕನ್ಸೋಲ್ ಈ ಫಿಲ್ಟರಿನಂತೆ. ಬಹುಪಾಲು ಕಂಪನಿಗಳು ಯಂತ್ರವನ್ನು ಅಸಲಿಗೋ ಅಸಲಿಗಿಂತ ಕಡಿಮೆಗೋ ಕೊಟ್ಟು, ಆಮೇಲೆ ಆಟಗಳಿಂದ, ಕೈಯಲ್ಲಿ ಹಿಡಿದು ಆಡುವ ಹೆಚ್ಚುವರಿ ಕಂಟ್ರೋಲರ್‌ಗಳಿಂದ, ಆನ್‌ಲೈನ್ ಚಂದಾದಿಂದ ಗಳಿಸುತ್ತವೆ. ತನ್ನ ಆನ್‌ಲೈನ್ ಮಳಿಗೆಯಲ್ಲಿ ಬೇರೆಯವರು ಮಾರುವ ಪ್ರತಿ ಆಟದಿಂದ ಕನ್ಸೋಲ್ ಕಂಪನಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಪಾಲನ್ನು ಮುರಿದುಕೊಳ್ಳುತ್ತದೆ. 2021ರಲ್ಲಿ ಎಪಿಕ್ ಗೇಮ್ಸ್ ಮತ್ತು ಆಪಲ್ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದ ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಕಂಪನಿ ಒಮ್ಮೆಯೂ ಲಾಭ ಕಂಡಿಲ್ಲವೆಂದು ಪ್ರಮಾಣಪೂರ್ವಕವಾಗಿ ಹೇಳಿದರು.

ಇದರ ಪರಮಾವಧಿಯನ್ನು ನೋಡಬೇಕಾದರೆ 2006ರ ಪ್ಲೇಸ್ಟೇಷನ್ 3ನ್ನು ನೋಡಬೇಕು. ಆ ಯಂತ್ರದೊಳಗೆ ಸೆಲ್ ಎಂಬ ವಿಶೇಷ ಪ್ರೊಸೆಸರ್ ಇತ್ತು, ಆಗಷ್ಟೇ ಹುಟ್ಟಿದ್ದ ಬ್ಲೂ-ರೇ ಡಿಸ್ಕ್ ಓದುವ ಸಾಧನವಿತ್ತು. ಅಮೆರಿಕದಲ್ಲಿ ಅದರ ಬೆಲೆ 499 ಮತ್ತು 599 ಡಾಲರ್. ಯಂತ್ರವನ್ನು ಬಿಚ್ಚಿ ಬಿಡಿಭಾಗಗಳ ಬೆಲೆ ಕಟ್ಟಿದ ಐಸಪ್ಲೈ ಎಂಬ ಸಂಸ್ಥೆ, ಅದನ್ನು ತಯಾರಿಸಲು ಮಾದರಿಗೆ ತಕ್ಕಂತೆ 800ರಿಂದ 840 ಡಾಲರ್ ತಗಲುತ್ತದೆಂದು ಅಂದಾಜಿಸಿತು. ಗ್ರಾಹಕರು ದುಬಾರಿಯೆಂದು ಮೂಗು ಮುರಿದ ಬೆಲೆಯಲ್ಲೂ ಕಂಪನಿ ಪ್ರತಿ ಯಂತ್ರಕ್ಕೆ ಇನ್ನೂರು ಮುನ್ನೂರು ಡಾಲರ್ ಕಳೆದುಕೊಳ್ಳುತ್ತಿತ್ತು. ಆ ಆರ್ಥಿಕ ವರ್ಷದಲ್ಲಿ ಸೋನಿಯ ಗೇಮ್ ವಿಭಾಗದ ನಷ್ಟ 23,000 ಕೋಟಿ ಯೆನ್ ದಾಟಿತು. ಇಂತಹ ಸ್ಥಿತಿಯಲ್ಲಿ ಹೆಚ್ಚು ಮಾರಾಟವೆಂದರೆ, ಕಡೆಯ ಪಕ್ಷ ಆರಂಭದಲ್ಲಿ, ಹೆಚ್ಚು ನಷ್ಟವೆಂದೇ ಅರ್ಥ. ಆಟಗಳು ಮಾರಾಟವಾಗಿ ಆ ಹೊಂಡ ತುಂಬಲು ವರ್ಷಗಳೇ ಬೇಕಾಗುತ್ತವೆ.

ಅದೇ ನವೆಂಬರ್‌ನಲ್ಲಿ ನಿಂಟೆಂಡೊ ಬಿಟ್ಟ ವೀ ಎಂಬ ಯಂತ್ರದ ಬೆಲೆ 249 ಡಾಲರ್. ಅದರೊಳಗಿನ ಯಂತ್ರಾಂಶ ನಿಂಟೆಂಡೊದ ಹಿಂದಿನ ಯಂತ್ರವಾದ ಗೇಮ್‌ಕ್ಯೂಬ್‌ನ ಮುಂದುವರಿದ ರೂಪವಷ್ಟೇ, ಚಿತ್ರದ ಸ್ಪಷ್ಟತೆಯಲ್ಲಿ ಅದು ಎದುರಾಳಿಗಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಕೈಯಲ್ಲಿ ರಿಮೋಟ್ ಹಿಡಿದು ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟು ಬೀಸುತ್ತಿತ್ತು. ಗೇಮ್ ಎಂದರೆ ದೂರ ಸರಿಯುತ್ತಿದ್ದ ಅಜ್ಜ ಅಜ್ಜಿಯರೂ ಎದ್ದು ನಿಂತು ಆಡಿದರು. ಅಮೆರಿಕದಲ್ಲಿ ಟೆನಿಸ್, ಬೌಲಿಂಗ್ ಮುಂತಾದ ಆಟಗಳಿದ್ದ ಡಿಸ್ಕನ್ನು ಯಂತ್ರದ ಜೊತೆಗೇ ಕೊಟ್ಟರು. ಯಂತ್ರವನ್ನು ನಷ್ಟಕ್ಕೆ ಮಾರುವ ದಾರಿಯನ್ನು ನಿಂಟೆಂಡೊ ಹಿಡಿಯಲಿಲ್ಲ. ಒಟ್ಟು 10.16 ಕೋಟಿ ವೀ ಯಂತ್ರಗಳು ಮಾರಾಟವಾದವು, ಪ್ಲೇಸ್ಟೇಷನ್ 3ರ ಕೊನೆಯ ಲೆಕ್ಕ 8.74 ಕೋಟಿ.

ಆ ತಲೆಮಾರಿನ ಮೂರನೆಯ ಸ್ಪರ್ಧಿ ಎಕ್ಸ್‌ಬಾಕ್ಸ್ 360. ಅದು ಒಂದು ವರ್ಷ ಮೊದಲೇ, 2005ರ ನವೆಂಬರ್‌ನಲ್ಲಿ ಬಂದು ಮುನ್ನಡೆ ಪಡೆದಿತ್ತು. ಆದರೆ ಅವಸರದ ಫಲವೋ ಎಂಬಂತೆ, ಯಂತ್ರ ಬಿಸಿಯಾಗಿ ಕೆಟ್ಟು, ಮುಂಭಾಗದ ಗುಂಡಿಯ ಸುತ್ತ ಮೂರು ಕೆಂಪು ದೀಪಗಳು ಮಿನುಗುವ ದೋಷ ವ್ಯಾಪಕವಾಯಿತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿ, ರಿಪೇರಿ ವೆಚ್ಚಕ್ಕೆಂದು 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಡಬೇಕಾಯಿತು. ಕೆಟ್ಟ ಯಂತ್ರವನ್ನು ಮೂಲೆಗಿಟ್ಟು ಹಣ ಕೊಟ್ಟು ಎರಡನೆಯದನ್ನು ತಂದವರ ಮನೆಯಲ್ಲಿ ಆಡುವ ಯಂತ್ರ ಒಂದೇ, ಕಂಪನಿಯ ಪುಸ್ತಕದಲ್ಲಿ ಮಾತ್ರ ಎರಡು. 2014ರಲ್ಲಿ ಪ್ರಕಟವಾದ ಅದರ ಕೊನೆಯ ಲೆಕ್ಕ 8.4 ಕೋಟಿ. ಆನಂತರವೂ ಯಂತ್ರ ತಯಾರಾಗುತ್ತಿತ್ತಾದ್ದರಿಂದ, ಪ್ಲೇಸ್ಟೇಷನ್ 3 ಅದನ್ನು ಎಷ್ಟರ ಅಂತರದಲ್ಲಿ ಹಿಂದಿಕ್ಕಿತು ಎಂದು ಹಟ ಹಿಡಿದು ವಾದಿಸುವುದು ವ್ಯರ್ಥ.

ನಷ್ಟಕ್ಕಾದರೂ ಸರಿ, ಯಂತ್ರವನ್ನು ಬೇಗ ಬೇಗ ಮನೆಮನೆಗೆ ಮುಟ್ಟಿಸಬೇಕೆಂಬ ಹಂಬಲಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಕನ್ಸೋಲ್ ಒಂದು ಸಂತೆಯ ಮೈದಾನವಿದ್ದಂತೆ. ಗಿರಾಕಿಗಳು ಹೆಚ್ಚಿರುವ ಸಂತೆಗೆ ವ್ಯಾಪಾರಿಗಳು ಬರುತ್ತಾರೆ, ವ್ಯಾಪಾರಿಗಳು ಹೆಚ್ಚಿರುವ ಸಂತೆಗೆ ಗಿರಾಕಿಗಳು ಬರುತ್ತಾರೆ. ಒಮ್ಮೆ ಒಂದು ಸಂತೆ ತುಂಬತೊಡಗಿದರೆ ಪಕ್ಕದೂರಿನ ಸಂತೆ ತಾನಾಗಿಯೇ ಬರಿದಾಗುತ್ತದೆ. ಆಟ ತಯಾರಿಸುವವರು ಯಾವ ಯಂತ್ರ ಹೆಚ್ಚು ಮನೆಗಳಲ್ಲಿದೆಯೋ ಅದಕ್ಕೆ ಆಟ ಮಾಡುತ್ತಾರೆ, ಆಟಗಳು ಹೆಚ್ಚಿರುವ ಯಂತ್ರವನ್ನೇ ಜನ ಕೊಳ್ಳುತ್ತಾರೆ. ಆದ್ದರಿಂದ ಮೊದಲ ಎರಡು ವರ್ಷಗಳ ಮಾರಾಟದ ಅಂಕಿಗೆ ಮುಂದಿನ ಐದು ವರ್ಷಗಳ ಮಾರಾಟಕ್ಕಿಂತ ಹೆಚ್ಚಿನ ತೂಕವಿದೆ. ಮಾರಾಟದ ವರದಿಯನ್ನು ಕಂಪನಿಗಳು ಡಂಗುರ ಸಾರುವುದು ಕೇವಲ ಬಿಂಕಕ್ಕಲ್ಲ. ಈ ಮೈದಾನ ತುಂಬುತ್ತಿದೆ, ಅಂಗಡಿ ಹಾಕಿರಿ ಎಂದು ಆಟ ತಯಾರಕರಿಗೆ ಕೊಡುವ ಕರೆ ಅದು.

ಪ್ಲೇಸ್ಟೇಷನ್ ಹುಟ್ಟಿದ್ದೇ ಇಂತಹ ಒಂದು ಮೈದಾನದ ಜಗಳದಿಂದ. 1991ರ ಜೂನ್‌ನಲ್ಲಿ ಶಿಕಾಗೊದ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ, ನಿಂಟೆಂಡೊದ ಯಂತ್ರಕ್ಕೆ ಸಿ.ಡಿ. ಸಾಧನ ಜೋಡಿಸುವ ಯೋಜನೆಯನ್ನು ಸೋನಿ ಪ್ರಕಟಿಸಿತು. ಮರುದಿನವೇ ನಿಂಟೆಂಡೊ ಅದೇ ಪ್ರದರ್ಶನದಲ್ಲಿ ತಾನು ಫಿಲಿಪ್ಸ್ ಕಂಪನಿಯೊಂದಿಗೆ ಕೈಜೋಡಿಸುವುದಾಗಿ ಸಾರಿತು. ನಾಲ್ಕು ಜನರ ಮುಂದೆ ಆದ ಆ ಅವಮಾನದ ನಂತರ ಸೋನಿಯಲ್ಲಿ ಕೆನ್ ಕುತಾರಗಿ ಎಂಬ ಎಂಜಿನಿಯರ್ ಸ್ವಂತ ಯಂತ್ರವೊಂದನ್ನು ಕಟ್ಟುವ ಕೆಲಸವನ್ನು ಮುನ್ನಡೆಸಿದರು. 1994ರ ಡಿಸೆಂಬರ್ 3ರಂದು ಮೊದಲ ಪ್ಲೇಸ್ಟೇಷನ್ ಜಪಾನಿನ ಅಂಗಡಿಗಳಿಗೆ ಬಂತು.

1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಇ-ತ್ರೀ ಎಂಬ ವಿಡಿಯೊ ಗೇಮ್ ಉದ್ಯಮದ ಮೊದಲ ಪ್ರದರ್ಶನದ ಘಟನೆ ಈ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಸೆಗಾ ಕಂಪನಿ ತನ್ನ ಸ್ಯಾಟರ್ನ್ ಯಂತ್ರವನ್ನು ಹೇಳಿದ ದಿನಕ್ಕಿಂತ ತಿಂಗಳುಗಳ ಮೊದಲೇ, ಆ ದಿನವೇ, ಆಯ್ದ ಕೆಲವು ಮಳಿಗೆಗಳಲ್ಲಿ 399 ಡಾಲರ್‌ಗೆ ಬಿಟ್ಟಿರುವುದಾಗಿ ಘೋಷಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಆಮೇಲೆ ಸೋನಿಯ ಸರದಿ ಬಂದಾಗ ಸ್ಟೀವ್ ರೇಸ್ ಎಂಬ ಅಧಿಕಾರಿ ವೇದಿಕೆಗೆ ಬಂದು "299" ಎಂದಷ್ಟೇ ಹೇಳಿ ಇಳಿದುಹೋದರು. ಸೆಗಾದ ಅವಸರ ಅದಕ್ಕೇ ಮುಳುವಾಯಿತು: ಆಟಗಳು ಸಿದ್ಧವಿರಲಿಲ್ಲ, ಯಂತ್ರ ಸಿಗದ ಮಳಿಗೆಗಳವರು ಸಿಟ್ಟಾದರು, ನೂರು ಡಾಲರ್‌ನ ಅಂತರವನ್ನು ಗ್ರಾಹಕರು ಮರೆಯಲಿಲ್ಲ. ಸ್ಯಾಟರ್ನ್ ಮಾರಾಟ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಅದರ ನಂತರದ ಡ್ರೀಮ್‌ಕಾಸ್ಟ್ ಒಳ್ಳೆಯ ಯಂತ್ರವಾಗಿದ್ದರೂ ಸುಮಾರು 91 ಲಕ್ಷಕ್ಕೆ ನಿಂತಿತು. ಸೆಗಾ 2001ರ ಜನವರಿಯಲ್ಲಿ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟು, ತನ್ನ ಸೋನಿಕ್ ಆಟವನ್ನು ಒಂದು ಕಾಲದ ವೈರಿ ನಿಂಟೆಂಡೊದ ಯಂತ್ರಕ್ಕೂ ಮಾಡಿಕೊಡುವ ಕಂಪನಿಯಾಯಿತು.

ನಿಂಟೆಂಡೊ ಆ ಸುತ್ತಿನಲ್ಲಿ ಎಡವಿದ್ದು ಕ್ಯಾಸೆಟ್ಟಿನ, ಅಂದರೆ ಆಟವನ್ನು ಚಿಪ್ಪಿನಲ್ಲಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಡಬ್ಬಿಯ, ಕಾರಣಕ್ಕೆ. 1996ರಲ್ಲಿ ಬಂದ ಅದರ ನಿಂಟೆಂಡೊ 64 ಸಿ.ಡಿ.ಯನ್ನು ಒಲ್ಲದೆ ಹಳೆಯ ಕ್ಯಾಸೆಟ್ ಪದ್ಧತಿಯನ್ನೇ ಉಳಿಸಿಕೊಂಡಿತು. ಕ್ಯಾಸೆಟ್ ತಯಾರಿಸಲು ದುಬಾರಿ, ಹಿಡಿಸುವುದು ಹೆಚ್ಚೆಂದರೆ 64 ಎಂ.ಬಿ. ಸಿ.ಡಿ. ಅಗ್ಗ, ಹಿಡಿಸುವುದು ಅದರ ಹತ್ತರಷ್ಟು. ಆವರೆಗೆ ನಿಂಟೆಂಡೊ ಯಂತ್ರಗಳಿಗೇ ಬರುತ್ತಿದ್ದ ಫೈನಲ್ ಫ್ಯಾಂಟಸಿ ಸರಣಿಯ ಏಳನೆಯ ಆಟ 1997ರಲ್ಲಿ ಮೂರು ಸಿ.ಡಿ.ಗಳಲ್ಲಿ ಪ್ಲೇಸ್ಟೇಷನ್‌ಗೆ ಬಂತು. ವ್ಯಾಪಾರಿಗಳು ಸಂತೆ ಬದಲಿಸಿದ್ದರು. ಮೊದಲ ಪ್ಲೇಸ್ಟೇಷನ್ 10 ಕೋಟಿ ದಾಟಿದರೆ ನಿಂಟೆಂಡೊ 64 ಸುಮಾರು 3.29 ಕೋಟಿಗೆ ನಿಂತಿತು. ಮುಂದೆ ಪ್ಲೇಸ್ಟೇಷನ್ 2 ಬಂದಾಗ ಅದು ಡಿ.ವಿ.ಡಿ. ಸಿನಿಮಾಗಳನ್ನೂ ತೋರಿಸುತ್ತಿತ್ತು. ಡಿ.ವಿ.ಡಿ. ಪ್ಲೇಯರ್‌ಗಳೇ ದುಬಾರಿಯಾಗಿದ್ದ ಆ ದಿನಗಳಲ್ಲಿ, ಮಕ್ಕಳ ಆಟಕ್ಕೆ ಹಣ ಬಿಚ್ಚದ ಅಪ್ಪಂದಿರೂ ಸಿನಿಮಾ ನೆಪದಲ್ಲಿ ಅದನ್ನು ಮನೆಗೆ ತಂದರು.

ಒಂದು ಆಟದ ಮಾರಾಟ ಅದು ಇಳಿದ ಮೈದಾನವನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಮಾರಿಯೊ ಕಾರ್ಟ್ 8 ಸಾಕ್ಷಿ. 2014ರಲ್ಲಿ ವೀ ಯು ಎಂಬ ಯಂತ್ರಕ್ಕೆ ಬಂದಾಗ ಅದರ ಸುಮಾರು 84 ಲಕ್ಷ ಪ್ರತಿಗಳು ಮಾರಾಟವಾದವು. ವೀ ಯು ಯಂತ್ರವೇ ಒಟ್ಟು 1.35 ಕೋಟಿಯಷ್ಟು ಮಾತ್ರ ಮಾರಾಟವಾಗಿತ್ತಾದ್ದರಿಂದ, ಯಂತ್ರವಿದ್ದ ಹೆಚ್ಚಿನ ಮನೆಗಳು ಅದನ್ನು ಕೊಂಡಿದ್ದವೆಂದೇ ಹೇಳಬೇಕು. ಹೆಚ್ಚುಕಡಿಮೆ ಅದೇ ಆಟ, ಒಂದಷ್ಟು ಸೇರ್ಪಡೆಗಳೊಂದಿಗೆ 2017ರಲ್ಲಿ ಸ್ವಿಚ್‌ಗೆ ಬಂದು 6 ಕೋಟಿ ದಾಟಿತು.

2013ರ ಪೈಪೋಟಿಯನ್ನು ನಾನು ಮಲೆನಾಡಿನವನ ಕಣ್ಣಿನಿಂದಲೇ ನೋಡುತ್ತೇನೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಸಂಪರ್ಕ ಹೊಂದಬೇಕು, ಇಲ್ಲವಾದರೆ ಆಟ ನಡೆಯುವುದಿಲ್ಲ ಎಂಬ ನಿಯಮವನ್ನು ಆ ಕಂಪನಿ ಮೊದಲು ಪ್ರಕಟಿಸಿತ್ತು. ಒಮ್ಮೆ ಆಡಿದ ಡಿಸ್ಕನ್ನು ಇನ್ನೊಬ್ಬರಿಗೆ ಮಾರುವುದಕ್ಕೂ ಕೊಡುವುದಕ್ಕೂ ಕಟ್ಟುಪಾಡುಗಳಿದ್ದವು. ಜುಲೈನಲ್ಲಿ ಮಳೆ ಹಿಡಿದರೆ ಮರ ಬಿದ್ದು ಕರೆಂಟು ಹೋಗಿ, ಟವರ್‌ನ ಬ್ಯಾಟರಿ ಇಳಿದು, ಮೂರು ನಾಲ್ಕು ದಿನ ನೆಟ್‌ವರ್ಕ್ ಇಲ್ಲದೆ ಕೂರುವ ಮೂಡಿಗೆರೆ, ಸಕಲೇಶಪುರದ ಕಡೆಯ ಮನೆಗಳಲ್ಲಿ, ಯು.ಪಿ.ಎಸ್. ಇದ್ದರೂ ಆ ಯಂತ್ರ ಸುಮ್ಮನೆ ಕೂರುವ ಪೆಟ್ಟಿಗೆಯಾಗುತ್ತಿತ್ತು. ಜೂನ್ 10ರ ಸಂಜೆ ಸೋನಿ ತನ್ನ ಪ್ಲೇಸ್ಟೇಷನ್ 4ಕ್ಕೆ ಅಂತಹ ಕಟ್ಟುಪಾಡು ಯಾವುದೂ ಇಲ್ಲವೆಂದೂ, ಬೆಲೆ 399 ಡಾಲರ್ ಎಂದೂ ಹೇಳಿದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಎದುರಾಳಿಯ ಬೆಲೆ 499 ಡಾಲರ್ ಆಗಿತ್ತು. ಒಂಬತ್ತೇ ದಿನದಲ್ಲಿ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಹಿಂತೆಗೆದುಕೊಂಡಿತು, ಆದರೆ ಜನರ ಮನಸ್ಸು ಆಗಲೇ ಒಂದು ಕಡೆ ವಾಲಿತ್ತು. ಪ್ಲೇಸ್ಟೇಷನ್ 4 ಸುಮಾರು 11.7 ಕೋಟಿ ಮಾರಾಟವಾಯಿತು. ಇನ್ನೊಂದರ ಲೆಕ್ಕ ಏಕೆ ಪ್ರಕಟವಾಗಲಿಲ್ಲವೆಂಬುದನ್ನು ಮೇಲೆ ಹೇಳಿದ್ದೇನೆ.

ಈಗಿನ ತಲೆಮಾರಿನಲ್ಲಿ ಹಳೆಯ ಲೆಕ್ಕಾಚಾರಗಳೇ ಬುಡಮೇಲಾಗುತ್ತಿವೆ. ಹಿಂದೆ ಯಂತ್ರಕ್ಕೆ ವಯಸ್ಸಾದಂತೆ ಬೆಲೆ ಇಳಿಯುತ್ತಿತ್ತು. 299 ಡಾಲರ್‌ಗೆ ಆರಂಭವಾದ ಪ್ಲೇಸ್ಟೇಷನ್ 2, 2009ರಲ್ಲಿ 99 ಡಾಲರ್‌ಗೆ ಸಿಗುತ್ತಿತ್ತು. ಅದು ಅಷ್ಟು ದೊಡ್ಡ ಮೊತ್ತಕ್ಕೆ ಏರಲು ಆ ಇಳಿಕೆಯೇ ಬಹುಮುಖ್ಯ ಕಾರಣ, ಏಕೆಂದರೆ ದಾಖಲೆಯ ಕೊನೆಯ ಕೋಟಿಗಳು ಬರುವುದು ಬಡವರ ಮನೆಗಳಿಂದ. ಪ್ಲೇಸ್ಟೇಷನ್ 5 ಇದಕ್ಕೆ ತದ್ವಿರುದ್ಧವಾಗಿ ದುಬಾರಿಯಾಗುತ್ತ ಬಂದಿದೆ. ಅಮೆರಿಕದಲ್ಲಿ 499 ಡಾಲರ್ ಇದ್ದದ್ದು 2025ರ ಆಗಸ್ಟ್‌ನಲ್ಲಿ 549 ಡಾಲರ್ ಆಯಿತು. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂದ ಯಂತ್ರ 2022ರ ಕೊನೆಗೆ 54,990 ರೂಪಾಯಿ ಆಯಿತು. ಆದರೂ ಅದು ಜಗತ್ತಿನಾದ್ಯಂತ 8 ಕೋಟಿ ದಾಟಿದೆ. ಇತ್ತ ಮೈಕ್ರೋಸಾಫ್ಟ್ 2024ರಿಂದ ತನ್ನದೇ ಆಟಗಳನ್ನು ಎದುರಾಳಿಯ ಯಂತ್ರಕ್ಕೂ ಕೊಡತೊಡಗಿದೆ. ಫೋರ್ಝಾ ಹೊರೈಝನ್ 5 ಎಂಬ ಕಾರ್ ರೇಸಿನ ಆಟ 2025ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಎಕ್ಸ್‌ಬಾಕ್ಸ್‌ನ ಕುಲದೈವದಂತಿದ್ದ ಹೇಲೊ ಆಟ ಕೂಡ ಪ್ಲೇಸ್ಟೇಷನ್‌ಗೆ ಬರುವುದಾಗಿ ಅದೇ ವರ್ಷ ಪ್ರಕಟವಾಯಿತು. ಸ್ವಂತ ಫಿಲ್ಟರನ್ನು ಮಾರುವುದಕ್ಕಿಂತ ಎಲ್ಲರ ಫಿಲ್ಟರಿಗೂ ಪುಡಿ ಮಾರುವುದೇ ಲಾಭವೆಂದು ಒಂದು ಕಂಪನಿ ತೀರ್ಮಾನಿಸಿದ ಮೇಲೆ, ಅದರ ಫಿಲ್ಟರಿನ ಸಂಖ್ಯೆಯನ್ನು ಎಣಿಸಿ ಸೋಲು ಗೆಲುವು ಹೇಳುವುದು ಸರಿಯಾಗದು. ನಿಂಟೆಂಡೊ ಮಾತ್ರ ತನ್ನ ಹಳೆಯ ಹಾದಿಯಲ್ಲೇ ಇದೆ: ಮಾರಿಯೊದ ಕನ್ಸೋಲ್ ಆಟ ಬೇಕೆಂದರೆ ಅದರ ಯಂತ್ರವನ್ನೇ ಕೊಳ್ಳಬೇಕು. 2025ರ ಜೂನ್ 5ರಂದು ಬಂದ ಸ್ವಿಚ್ 2 ನಾಲ್ಕು ದಿನದಲ್ಲಿ 35 ಲಕ್ಷ ಮಾರಾಟವಾಯಿತು.

ಕಣದ ಕಟ್ಟೆಯ ಮೇಲೆ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಚಿಕ್ಕವನು ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿದ: "ನಮ್ಮೂರಿನ ಲೆಕ್ಕ ಇದರಲ್ಲಿ ಎಲ್ಲಿ ಬರತ್ತೆ ಮಾವ?" ಬಹುಪಾಲು ಎಲ್ಲಿಯೂ ಬರುವುದಿಲ್ಲ. ನಿಂಟೆಂಡೊ ಸ್ವಿಚ್ಚನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಮಾಡಲಿಲ್ಲ. ಇಲ್ಲಿರುವವು ದುಬೈನಿಂದಲೋ ಸಿಂಗಪುರದಿಂದಲೋ ಬಂದವರ ಸೂಟ್‌ಕೇಸಿನಲ್ಲಿ ಬಂದವು, ಅವು ಆಯಾ ದೇಶದ ಖಾತೆಗೆ ಸೇರಿದವು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಟಿವಿಗೆ ಜೋಡಿಸುವ ಗೇಮ್ ಇತ್ತು. ಕ್ಯಾಸೆಟ್ ಹಾಕಿದರೆ ಚಿತ್ರ ಬರದಿದ್ದಾಗ ಹೊರತೆಗೆದು, ಅದರ ಬಾಯಿಗೆ ಉಫ್ ಎಂದು ಊದಿ, ಮತ್ತೆ ಒತ್ತಿ ಕೂರಿಸುತ್ತಿದ್ದೆವು. ಮಾರಿಯೊ, ಕಾಂಟ್ರಾ ಎಲ್ಲವನ್ನೂ ಆಡಿದೆವು. ಅವೆಲ್ಲ 1983ರಲ್ಲಿ ನಿಂಟೆಂಡೊ ಬಿಟ್ಟ ಫ್ಯಾಮಿಕಾಮ್ ಯಂತ್ರದ ನಕಲುಗಳು. ಆ ಯಂತ್ರಕ್ಕೆ ನಿಂಟೆಂಡೊ ಬರೆದುಕೊಂಡಿರುವ 6.19 ಕೋಟಿಯಲ್ಲಿ ನಮ್ಮ ಬೀದಿಯ ಒಂದು ಪೆಟ್ಟಿಗೆಯೂ ಇಲ್ಲ.

ರಜೆ ಮುಗಿದು ಹುಡುಗರನ್ನು ಹಾಸನಕ್ಕೆ ಬಿಡಲು ಹೋದಾಗ ದೊಡ್ಡವನು ತಾನು ಆಡಲು ಹೋಗುವ ಗೇಮಿಂಗ್ ಪಾರ್ಲರಿಗೆ ನನ್ನನ್ನು ಕರೆದೊಯ್ದ. ಮಹಡಿಯ ಮೇಲಿನ ಕಿರಿದಾದ ಕೋಣೆ, ಮೂರು ಟಿವಿ, ಮೂರು ಪ್ಲೇಸ್ಟೇಷನ್ 4. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಫುಟ್‌ಬಾಲ್ ಆಡುವ ಕಾಲೇಜು ಹುಡುಗರು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದರು. ಕಂಟ್ರೋಲರ್‌ಗಳ ಕಡ್ಡಿಯ ಮೇಲಿನ ರಬ್ಬರ್ ಸವೆದು ಒಳಗಿನ ಪ್ಲಾಸ್ಟಿಕ್ ಹೊಳೆಯುತ್ತಿತ್ತು. ಯಾರು ಎಷ್ಟು ಗಂಟೆಗೆ ಕುಳಿತರು, ಯಾರದು ಬಾಕಿ ಎಂದು ಪಾರ್ಲರಿನ ಹುಡುಗ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ, ಆ ದಿನದ ಪುಟದಲ್ಲಿ ಆಗಲೇ ಮೂವತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಆ ಮೂರು ಯಂತ್ರಗಳನ್ನೂ ಸೆಕೆಂಡ್ ಹ್ಯಾಂಡ್ ಕೊಂಡದ್ದೆಂದು ಅವನೇ ಹೇಳಿದ. ಟೋಕಿಯೊದ ಪುಸ್ತಕದಲ್ಲಿ ಅವು ಯಾರೋ ಮೊದಲು ಕೊಂಡ ವರ್ಷದಲ್ಲಿ ಮೂರು ಎಂದು ದಾಖಲಾಗಿ ಮುಗಿದಿವೆ.